ಹುಬ್ಬಳ್ಳಿ ಪೇಟೆಯಲ್ಲಿ ಹನ್ನೆರಡು ಅಡಿ ಜಾಗ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಪಾಪ, ಅವರ ಕಾಲದಲ್ಲಿ ಮನೆಮನೆಗೂ ಕಾರು ಇರಲಿಲ್ಲ. ಇದ್ದಿದ್ದರೆ ಆ ಗಾದೆಗೆ ಇನ್ನೊಂದು ತುಣುಕು ಖಂಡಿತ ಸೇರುತ್ತಿತ್ತು: ಹುಬ್ಬಳ್ಳಿ ಪೇಟೆಯಲ್ಲಿ ಗಾಡಿ ಹಚ್ಚಿ ನೋಡು!

ನಗಬೇಡಿ ಸೋದರಿಯರೇ. ನಾವು ಆ ಕೆಲಸ ಮಾಡಿ ನೋಡಿ, ಸಾಕಪ್ಪಾ ಸಾಕು ಅಂತ ಬಂದವರು. ಅದೂ ಎಂಥ ದಿನ? ನಮ್ಮ ಅತ್ತೆಯವರ ಎಪ್ಪತ್ತೈದನೇ ಹುಟ್ಟುಹಬ್ಬದ ದಿನ!

ನಮ್ಮ ಅತ್ತೆಗೆ ಹುಟ್ಟುಹಬ್ಬವೇ ಗೊತ್ತಿರಲಿಲ್ಲ. ಹುಟ್ಟಿದ್ದು ಜೋಯಿಡಾ ಕಡೆಯ ಹಳ್ಳಿಯಲ್ಲಿ, ಮಳೆ ಹಿಡಿಯುವ ಹೊತ್ತಿನಲ್ಲಿ ಎಂಬುದಷ್ಟೇ ಅವರ ತಾಯಿ ಹೇಳಿದ ಲೆಕ್ಕ. ಎರಡನೇ ಇಯತ್ತೆಯವರೆಗೆ ಸಾಲೆಗೆ ಹೋಗಿದ್ದರು. ಸಾಲೆಯ ಮಾಸ್ತರರು ಎಲ್ಲ ಮಕ್ಕಳಿಗೂ ಬರೆದ ಹಾಗೆ ಅವರಿಗೂ ಜೂನ್ 1 ಅಂತ ಬರೆದುಬಿಟ್ಟಿದ್ದರು. ನಿಮ್ಮ ಮನೆಯ ಹಿರಿಯರ ಕಾಗದಪತ್ರ ತೆಗೆದು ನೋಡಿ, ಹತ್ತರಲ್ಲಿ ಐದು ಜನರಾದರೂ ಜೂನ್ 1ಕ್ಕೇ ಹುಟ್ಟಿರುತ್ತಾರೆ! ಆಧಾರ್ ಕಾರ್ಡಿನಲ್ಲೂ 1-6-1949 ಎಂದೇ ಇದೆ. ಅದನ್ನು ನೋಡಿದ ನನ್ನ ಮಗ, "ಅಜ್ಜಿಗೆ ಎಪ್ಪತ್ತೈದು ತುಂಬತೈತಿ, ಏನಾರ ಮಾಡೂಣು" ಎಂದು ಗದ್ದಲ ಹಾಕಿದ.

"ಕೇಕು ಗೀಕು ನನಗ ಬ್ಯಾಡ" ಎಂದರು ಅತ್ತೆ. "ಸಿದ್ಧಾರೂಢ ಅಜ್ಜನ ದರ್ಶನ ಮಾಡಿಸ್ರಿ. ದುರ್ಗದ ಬೈಲಿನಾಗ ಒಂದು ಇಳಕಲ್ ಸೀರಿ ಕೊಡಸ್ರಿ. ನಾ ಹುಬ್ಬಳ್ಳಿ ನೋಡಿ ಇಪ್ಪತ್ತು ವರ್ಷ ಆತು."

ಎಪ್ಪತ್ತೈದು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಇಲ್ಲ ಎನ್ನಲಾದೀತೇ? 2024ರ ಜೂನ್ 1 ಶನಿವಾರವೂ ಆಗಿತ್ತು. ನಮ್ಮ ಮನೆಯವರಿಗೆ ರಜೆ ಸಿಕ್ಕಿತು. ಮಗನಿಗೆ ಮಾತ್ರ ಪರೀಕ್ಷೆ ಅಡ್ಡ ಬಂತು.

ದಾಂಡೇಲಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿಲೋಮೀಟರ್. ಹಿಂದಿನ ದಿನವೇ ಮಾದಲಿ ಮಾಡಿಟ್ಟೆ. ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ಸಿಹಿ ಇಲ್ಲ ನೋಡಿ. ಗೋಧಿಹಿಟ್ಟಿನ ದಪ್ಪ ಚಪಾತಿ ಗರಿಗರಿಯಾಗಿ ಬೇಯಿಸಿ, ಆರಿಸಿ, ಪುಡಿ ಮಾಡಿ, ಸಾಣಿಸಿ, ಹೆರೆದ ಬೆಲ್ಲ, ಒಣಕೊಬ್ಬರಿ, ಪುಟಾಣಿ, ಹುರಿದ ಗಸಗಸೆ, ಏಲಕ್ಕಿ ಪುಡಿ ಸೇರಿಸಿದರೆ ಆಯಿತು. ಹಾಲು ನೀರು ತಾಗದ್ದರಿಂದ ಬೇಗ ಕೆಡುವುದಿಲ್ಲ. ಜೊತೆಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎಲ್ಲ ಒಂದು ಚೀಲದಲ್ಲಿ ತುಂಬಿ, ಬೆಳಗಿನ ಏಳಕ್ಕೆಲ್ಲ ಹೊರಟೆವು.

ದಾಂಡೇಲಿ ಬಿಟ್ಟರೆ ಸ್ವಲ್ಪ ದೂರ ತಂಪು ಮರಗಳ ಸಾಲು. ಹಳಿಯಾಳ ಹತ್ತಿರವಾದಂತೆ ಕಾಡು ಹಿಂದೆ ಸರಿದು ಹೊಲಗಳು ತೆರೆದುಕೊಳ್ಳುತ್ತವೆ. ಮೊದಲ ಮಳೆ ಬಿದ್ದು ಮಣ್ಣು ಕಪ್ಪಗೆ ಹದವಾಗಿತ್ತು. ಅತ್ತೆ ಮಗುವಿನ ಹಾಗೆ ಕಿಟಕಿಗೆ ಮುಖ ಕೊಟ್ಟು ಕೂತಿದ್ದರು. ಯಾರ ಹೊಲದಲ್ಲಿ ಬಿತ್ತನೆ ಶುರುವಾಗಿದೆ, ಯಾರು ಇನ್ನೂ ಎತ್ತು ಹೂಡಿಲ್ಲ ಎಂದು ದಾರಿಯುದ್ದಕ್ಕೂ ಅವರದೇ ವರದಿ. ಧಾರವಾಡದಲ್ಲಿ ಚಹಾ ಕುಡಿದೆವು. ನಾವಿಬ್ಬರೂ ಇಡ್ಲಿ ತಿಂದೆವು. ಅತ್ತೆ "ನನಗ ಹಸಿವಿಲ್ಲ" ಎಂದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠ ತಲುಪಿದಾಗ ಹತ್ತು ಗಂಟೆ. ಸಿದ್ಧಾರೂಢರು 1836ರಲ್ಲಿ ಹುಟ್ಟಿ 1929ರಲ್ಲಿ ಸಮಾಧಿ ಹೊಂದಿದವರು. ಜಾತಿ ಮತ ಕೇಳದೆ ಬಂದವರಿಗೆಲ್ಲ ಅನ್ನವಿಟ್ಟ ಮಹಾತ್ಮರು. ನಮ್ಮ ಕಡೆ ಅವರನ್ನು 'ಅಜ್ಜ' ಎಂದೇ ಕರೆಯುವುದು. ಶಿವರಾತ್ರಿಯ ಜಾತ್ರೆಗೆ ಜನಸಾಗರವೇ ಸೇರುತ್ತದೆ, ಆದರೆ ಅಂದು ಹೆಚ್ಚು ನೂಕುನುಗ್ಗಲಿರಲಿಲ್ಲ. ಗಾಡಿಗೂ ಸುಲಭವಾಗಿ ಜಾಗ ಸಿಕ್ಕಿತು. ಅತ್ತೆ ನನ್ನ ಕೈ ಹಿಡಿದು ನಿಧಾನ ನಡೆದು, ಗದ್ದುಗೆಯ ಮುಂದೆ ಕೂತು, ಕಣ್ಣು ಮುಚ್ಚಿದರು. ಅರ್ಧ ಗಂಟೆ ಏಳಲಿಲ್ಲ. ಅವರ ಮೊಣಕಾಲ ನೋವು ನಮಗೆ ಗೊತ್ತಿದ್ದರಿಂದ ಅವಸರ ಮಾಡಲಿಲ್ಲ. ದಾಸೋಹದ ಪ್ರಸಾದಕ್ಕೆ ಇನ್ನೂ ಹೊತ್ತಿತ್ತು. "ಪೇಟೆ ಕೆಲಸ ಮುಗಿಸಿ ಎಲ್ಲಾದರೂ ನೆರಳಲ್ಲಿ ಕೂತು ಉಣ್ಣೋಣ" ಎಂದು ಹೊರಟೆವು.

ಇಲ್ಲಿಯವರೆಗೆ ಎಲ್ಲ ಸುಖವೇ. ಕಥೆ ಶುರುವಾಗುವುದು ಇಲ್ಲಿಂದ.

ಚೆನ್ನಮ್ಮ ವೃತ್ತದ ಕಡೆ ಆಗ ಮೇಲ್ಸೇತುವೆ ಕೆಲಸ ನಡೆದಿತ್ತು. ಮೇಲಾಗಿ ಶಾಲೆ ಶುರುವಾಗುವ ಕಾಲ. ಯೂನಿಫಾರ್ಮು, ಪುಸ್ತಕ, ಛತ್ರಿ, ರೇನ್‌ಕೋಟು ಅಂತ ಸುತ್ತಲ ಹಳ್ಳಿಗಳೆಲ್ಲ ಪೇಟೆಗೆ ಇಳಿದಿದ್ದವು. ಕೊಪ್ಪಿಕರ್ ರಸ್ತೆಯಲ್ಲಿ ಗಾಡಿ ಇರುವೆಯ ಹಾಗೆ ಸರಿಯಿತು. ದುರ್ಗದ ಬೈಲಿನ ಹತ್ತಿರ ಬಂದಾಗ ಹನ್ನೆರಡು ಗಂಟೆ. ಹಿಂದೆ ಹಾರ್ನ್, ಮುಂದೆ ತಳ್ಳುಗಾಡಿ, ಪಕ್ಕದಲ್ಲಿ ರಿಕ್ಷಾ.

"ನೀವಿಬ್ರೂ ಇಲ್ಲೇ ಇಳೀರಿ. ಐದೇ ನಿಮಿಷ, ಗಾಡಿ ಹಚ್ಚಿ ಬಂದೆ" ಎಂದರು ನಮ್ಮವರು.

ಅತ್ತೆಯನ್ನು ಇಳಿಸಿದೆ. ಒಂದು ಕೈಯಲ್ಲಿ ಅವರ ಕೋಲು, ಇನ್ನೊಂದರಲ್ಲಿ ಅವರ ರಟ್ಟೆ. ಬಾಗಿಲು ಮುಚ್ಚಿದ್ದೇ ತಡ, ಹಿಂದಿನವರ ಹಾರ್ನಿಗೆ ಹೆದರಿ ಇವರು ಗಾಡಿ ಓಡಿಸಿಕೊಂಡು ಹೋದರು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ನನಗೆ ಹೊಳೆಯಿತು: ನನ್ನ ಪರ್ಸು ಸೀಟಿನ ಮೇಲೆ. ಮೊಬೈಲು ಪರ್ಸಿನಲ್ಲಿ. ಮಾದಲಿ ಡಬ್ಬಿ, ರೊಟ್ಟಿ, ನೀರಿನ ಬಾಟಲಿ ಎಲ್ಲವೂ ಗಾಡಿಯಲ್ಲಿ! ನನ್ನ ಹತ್ತಿರ ಉಳಿದದ್ದು ಒಂದು ಕೋಲು, ಒಬ್ಬ ಅತ್ತೆ.

ಐದು ನಿಮಿಷ ಹದಿನೈದಾಯಿತು, ಹದಿನೈದು ನಲವತ್ತಾಯಿತು. ಸೀರೆ ಅಂಗಡಿ ಎದುರಿಗೇ ಕಾಣುತ್ತಿತ್ತು, ಆದರೆ ಕೈಯಲ್ಲಿ ದುಡ್ಡಿಲ್ಲ. ಒಳಗೆ ಹೋದರೆ ಇವರು ಬಂದು ನಮ್ಮನ್ನು ಹುಡುಕಿಯಾರು ಎಂಬ ಭಯ ಬೇರೆ. ಒಂದು ಅಂಗಡಿಯ ಮೆಟ್ಟಿಲ ಮೇಲೆ ಅತ್ತೆಯನ್ನು ಕೂಡಿಸಿದೆ. ಗಿರಾಕಿಗಳಿಗೆ ಅಡ್ಡಿಯಾಗುತ್ತದೆ ಎಂದು ಏಳಿಸಿದರು. ಇನ್ನೊಂದು ಕಡೆ ಕೂಡಿಸಿದರೆ ಸ್ಕೂಟರ್ ನಿಲ್ಲಿಸುವವರು ಬಂದರು. ಆಮೇಲೆ ಅತ್ತೆ ಮೆಲ್ಲಗೆ ನನ್ನ ಕಿವಿಯಲ್ಲಿ, "ನನಗ ಹೊರಗ ಹೋಗಬೇಕಾಗೇತಿ" ಎಂದರು. ಸಕ್ಕರೆ ಕಾಯಿಲೆಯವರ ಕಷ್ಟ ನಿಮಗೆ ಗೊತ್ತು. ಆ ಗಿಜಿಗುಡುವ ಪೇಟೆಯಲ್ಲಿ ಎಲ್ಲಿಗೆ ಕರೆದೊಯ್ಯಲಿ?

ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಹೂ ಮಾರುತ್ತಿದ್ದ ಹೆಂಗಸೊಬ್ಬಳು ನಮ್ಮನ್ನೇ ನೋಡುತ್ತಿದ್ದಳು. "ಬರ್ರಿ ಯಕ್ಕಾ, ಹಿಂದಿನ ಓಣ್ಯಾಗ ನಮ್ಮ ಪರಿಚಯದವರ ಮನಿ ಐತಿ" ಎಂದು ತಾನೇ ಎದ್ದಳು. ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಅತ್ತೆಯ ಇನ್ನೊಂದು ಕೈ ಹಿಡಿದಳು. ಆ ಮನೆಯವರೂ ಒಂದು ಮಾತು ಕೇಳದೆ ಬಚ್ಚಲ ತೋರಿಸಿದರು. ಅವರ ಹೊಟ್ಟೆ ತಣ್ಣಗಿರಲಿ.

ತಿರುಗಿ ಬಂದು ಕೂತ ಮೇಲೆ ಅತ್ತೆಯ ಮುಖ ನೋಡಿದೆ. ಹಣೆಯೆಲ್ಲ ಬೆವರು, ಕೈ ಗಡಗಡ ನಡುಗುತ್ತಿದೆ, ಕೇಳಿದ್ದಕ್ಕೆ ಏನೋ ಒಂದು ಉತ್ತರ. ನನ್ನ ಎದೆ ಧಸಕ್ಕೆಂದಿತು. "ಅತ್ತೀ, ಮುಂಜಾನೆ ಗುಳಿಗಿ ತಗೊಂಡಿರೇನು?" ಎಂದೆ. ಹೂಂ ಎಂದು ತಲೆ ಆಡಿಸಿದರು. "ಮತ್ತ ಏನು ತಿಂದ್ರಿ?" ಉತ್ತರವಿಲ್ಲ. ಅಜ್ಜನ ದರ್ಶನ ಆಗುವ ತನಕ ಉಣ್ಣಬಾರದೆಂದು ತಮ್ಮಷ್ಟಕ್ಕೆ ತಾವೇ ನೇಮ ಹಿಡಿದಿದ್ದರು! ಗುಳಿಗೆ ಮಾತ್ರ ತಪ್ಪಿಸಿರಲಿಲ್ಲ. ಸಕ್ಕರೆ ಇಳಿದುಹೋಗಿತ್ತು. ಹಿಡಿ ಮಾದಲಿ ಸಿಕ್ಕಿದ್ದರೂ ಸಾಕಿತ್ತು, ಆದರೆ ಡಬ್ಬಿ ಗಾಡಿಯಲ್ಲಿ, ಗಾಡಿ ಎಲ್ಲೋ ದೇವರೇ ಬಲ್ಲ.

ಮತ್ತೆ ಆ ಹೂವಿನವಳೇ ಓಡಿದಳು. ಎದುರಿನ ಗಾಡಿಯಿಂದ ಒಂದು ಗ್ಲಾಸು ಕಬ್ಬಿನ ಹಾಲು ತಂದಳು. ದುಡ್ಡು ಅವಳದೇ. ಗುಟುಕು ಗುಟುಕಾಗಿ ಕುಡಿಸಿದೆ. ಹತ್ತು ಹದಿನೈದು ನಿಮಿಷದಲ್ಲಿ ಬೆವರು ನಿಂತಿತು, ಕಣ್ಣಿಗೆ ಕಳೆ ಬಂತು. ಅಷ್ಟು ಹೊತ್ತು ನಾನು ಅಜ್ಜನನ್ನು ನೆನೆಯುತ್ತಲೇ ಇದ್ದೆ.

"ಫೋನ್ ಮಾಡ್ರಿ ನಿಮ್ಮ ಮನಿಯವರಿಗೆ" ಎಂದು ಅವಳು ತನ್ನ ಮೊಬೈಲು ಕೊಟ್ಟಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಗಂಡನ ನಂಬರು ನನಗೆ ಮೊದಲ ಐದು ಅಂಕಿಗಿಂತ ಮುಂದೆ ಬರಲಿಲ್ಲ. ಹೆಸರು ಒತ್ತಿದರೆ ಸಾಕಲ್ಲ, ನಂಬರು ಯಾಕೆ ನೆನಪಿರುತ್ತದೆ? ಆಗ ನಮ್ಮ ಅತ್ತೆ, ಎರಡನೇ ಇಯತ್ತೆ ಕಲಿತವರು, ಕಣ್ಣು ಮುಚ್ಚಿಕೊಂಡು ಹತ್ತೂ ಅಂಕಿಯನ್ನು ಮಗ್ಗಿಯ ಹಾಗೆ ಹೇಳಿದರು. ದಿನಾ ಮಗನಿಗೆ ತಮ್ಮ ಸಣ್ಣ ಫೋನಿನ ಗುಂಡಿ ಒಂದೊಂದಾಗಿ ಒತ್ತಿ ಮಾತಾಡುವವರು ಅವರು!

ಇವರ ಕಥೆ ಕೇಳಿ. ಮೊದಲ ಜಾಗದಲ್ಲಿ ನೋ ಪಾರ್ಕಿಂಗ್ ಬೋರ್ಡು. ಎರಡನೆಯದರಲ್ಲಿ ಅಂಗಡಿಯವರು ರಸ್ತೆಗೇ ಕುರ್ಚಿ ಇಟ್ಟು ಕಾದಿದ್ದಾರೆ. ಮೂರನೆಯ ಕಡೆ ಸಾಸಿವೆ ಹಾಕಲೂ ಜಾಗವಿಲ್ಲ. ನಾಲ್ಕು ಸುತ್ತು ಹೊಡೆದು, ಸುಮಾರು ಒಂದು ಕಿಲೋಮೀಟರ್ ಆಚೆ ಓಣಿಯೊಂದರಲ್ಲಿ ತುರುಕಿ, ನಡೆದು ಬಂದಿದ್ದಾರೆ. ಬೇರೆ ಓಣಿಯಿಂದ ಬಂದದ್ದರಿಂದ ದಿಕ್ಕು ತಪ್ಪಿ, ನಮ್ಮನ್ನು ಬಿಟ್ಟ ಮೂಲೆ ಯಾವುದೆಂದೇ ತಿಳಿಯಲಿಲ್ಲ. ನನಗೆ ಫೋನ್ ಮಾಡಿದರೆ ಅದು ಗಾಡಿಯೊಳಗೆ ಹಾಡುತ್ತಿತ್ತು! ಗಾಡಿ ತೆಗೆದುಕೊಂಡೇ ಹುಡುಕೋಣವೆಂದು ವಾಪಸ್ಸು ಹೋದರೆ, ಹಿಂದೆ ಮುಂದೆ ಸ್ಕೂಟರು ಬೈಕುಗಳು ಇಡ್ಲಿ ಪಾತ್ರೆಯಲ್ಲಿ ಇಡ್ಲಿ ಜೋಡಿಸಿದ ಹಾಗೆ ನಿಂತಿವೆ. ಯಾರ ಗಾಡಿ, ಯಾರು ತೆಗೆಯಬೇಕು?

"ಗಾಡಿ ಬಿಟ್ಟು ಬರ್ರಿ. ಡಬ್ಬಿ ತರ್ರಿ" ಎಂದೆ ಅಷ್ಟೇ.

ಇವರು ಬಂದಾಗ ಒಂದೂವರೆ. ತಾಯಿಯ ಮುಖ ನೋಡಿ ಗಂಟಲು ಕಟ್ಟಿ ಮಾತೇ ಹೊರಡಲಿಲ್ಲ ಅವರಿಗೆ. ಹೂವಿನ ಬುಟ್ಟಿಯ ಪಕ್ಕದಲ್ಲೇ ಗೋಣಿಚೀಲ ಹಾಸಿ ಕೂತು, ರೊಟ್ಟಿ ಉಂಡು, ಮಾದಲಿ ತಿಂದೆವು. ಹೂವಿನವಳಿಗೂ ಕೊಟ್ಟೆವು. ಹುಟ್ಟುಹಬ್ಬದ ಸುದ್ದಿ ಕೇಳಿ ಅವಳು ಒಂದು ಮೊಳ ಮಲ್ಲಿಗೆ ಹರಿದು ಅತ್ತೆಯ ತುರುಬಿಗೆ ಮುಡಿಸಿದಳು. ದುಡ್ಡು ಕೊಡಹೋದರೆ ಕಬ್ಬಿನ ಹಾಲಿನದಷ್ಟೇ ತೆಗೆದುಕೊಂಡಳು, ಹೂವಿನದು ಮುಟ್ಟಲಿಲ್ಲ.

"ಸೀರಿ ಎಲ್ಲೂ ಓಡಿ ಹೋಗೂದಿಲ್ಲ. ಮನೀಗೆ ಹೋಗೂಣು" ಎಂದರು ಅತ್ತೆ. ರಿಕ್ಷಾ ಹಿಡಿದು ಮೂವರೂ ಗಾಡಿಯ ಹತ್ತಿರ ಹೋದೆವು. ಐದೇ ನಿಮಿಷದ ದಾರಿ! ಗಾಡಿಯನ್ನು ಮಠದ ಹತ್ತಿರವೇ ಬಿಟ್ಟು ಇದೇ ರಿಕ್ಷಾದಲ್ಲಿ ಬಂದಿದ್ದರೆ ಎಂದು ಆಗ ಹೊಳೆಯಿತು. ಬುದ್ಧಿ ಯಾವಾಗಲೂ ಊಟ ಮುಗಿದ ಮೇಲೆ ಬಡಿಸುವ ಉಪ್ಪಿನ ಹಾಗೆ.

ಹುಬ್ಬಳ್ಳಿಗೆ ಒಂದು ಹೆಮ್ಮೆ ಇದೆ, ನೀವೂ ಕೇಳಿರುತ್ತೀರಿ. ಸಿದ್ಧಾರೂಢರದೇ ಹೆಸರಿನ ಅಲ್ಲಿಯ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. "ಒಂದೂವರೆ ಕಿಲೋಮೀಟರ್ ರೈಲು ನಿಲ್ಲಾಕ ಜಾಗ ಐತಿ, ನಮ್ಮ ಹನ್ನೆರಡು ಅಡಿ ಕಾರಿಗೆ ಇಲ್ಲ" ಎಂದು ಇವರು ದಾರಿಯಲ್ಲಿ ಗೊಣಗಿದರು. ಹಿಂದಿನ ಸೀಟಿನಿಂದ ಅತ್ತೆ ನಿಧಾನವಾಗಿ ಹೇಳಿದರು: "ಕಾರ್ ನಿಲ್ಲಾಕ ಜಾಗ ಇಲ್ಲಂತ ಎಲ್ಲಾರೂ ಬೈತೀರಿ. ಮುದುಕಿ ಕೂಡ್ರಾಕ ಜಾಗ ಇಲ್ಲಂತ ಯಾರೂ ಅನ್ನಂಗಿಲ್ಲಲ್ಲ, ತಮ್ಮಾ."

ಹಳಿಯಾಳದ ಹತ್ತಿರ ಮಳೆ ಹಿಡಿಯಿತು. ಮನೆ ಮುಟ್ಟುವ ತನಕ ನಾವಿಬ್ಬರೂ ಮಾತಾಡಲಿಲ್ಲ.

ಆಮೇಲೆ ಯೋಚಿಸಿದೆ. ಆ ಹಳೆಯ ಪೇಟೆಗಳ ಓಣಿಗಳು ಚಕ್ಕಡಿ, ಟಾಂಗಾಗಳ ಕಾಲದವು. 2011ರ ಜನಗಣತಿಯಲ್ಲೇ ಹುಬ್ಬಳ್ಳಿ-ಧಾರವಾಡದ ಜನ 9 ಲಕ್ಷ 43 ಸಾವಿರ. ಜನ ಹೆಚ್ಚಿದರು, ಗಾಡಿ ಇನ್ನೂ ಹೆಚ್ಚಿದವು, ಓಣಿ ಮಾತ್ರ ಅಷ್ಟೇ ಉಳಿಯಿತು. ಬೆಂಗಳೂರಿನಲ್ಲಿ ವಾಹನಗಳ ಲೆಕ್ಕ ಒಂದು ಕೋಟಿ ದಾಟಿದೆ. ಅಲ್ಲಿ ಫ್ರೀಡಂ ಪಾರ್ಕ್ ಹತ್ತಿರ ಐನೂರಕ್ಕೂ ಹೆಚ್ಚು ಕಾರು ಹಿಡಿಯುವ ಮಹಡಿ ನಿಲ್ದಾಣ 2024ರಲ್ಲಿ ತೆರೆಯಿತು. ಆದರೆ ಮಹಡಿ ಎಷ್ಟು ಕಟ್ಟಿದರೂ, ಅಂಗಡಿ ಬಾಗಿಲಿಗೇ ಗಾಡಿ ಹಚ್ಚಬೇಕೆಂಬ ನಮ್ಮ ಚಟ ಬಿಡದಿದ್ದರೆ ಏನು ಪ್ರಯೋಜನ? ನಾವು ಪಾದಚಾರಿ ಹಾದಿಯ ಮೇಲೆ ನಿಲ್ಲಿಸುವ ಗಾಡಿಯಿಂದ ಮೊದಲು ರಸ್ತೆಗೆ ಇಳಿಯಬೇಕಾದವರು ಕೋಲು ಹಿಡಿದ ಅತ್ತೆಯಂಥವರು, ಕೂಸನ್ನು ಎತ್ತಿಕೊಂಡ ತಾಯಂದಿರು.

ಅಕ್ಟೋಬರ್‌ನಲ್ಲಿ, ನವರಾತ್ರಿಗೆ ಮುಂಚೆ, ಮತ್ತೆ ಹೋದೆವು. ಈ ಸಲ ಜಾಣರಾಗಿದ್ದೆವು. ಧಾರವಾಡದ ಬಂಧುಗಳ ಅಂಗಳದಲ್ಲಿ ಕಾರು ಬಿಟ್ಟು, ಜುಬಿಲಿ ಸರ್ಕಲ್ ಹತ್ತಿರ ಚಿಗರಿ ಬಸ್ಸು ಹತ್ತಿದೆವು. ಚಿಗರಿ ಎಂದರೆ ನಮ್ಮ ಕಡೆ ಜಿಂಕೆ. ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಓಡುತ್ತಿರುವ ಈ ಬಸ್ಸುಗಳಿಗೆ ರಸ್ತೆಯ ನಡುವೆ ಬೇರೆಯದೇ ದಾರಿ ಇದೆ. ಒಳಗೆ ತಂಪು ಗಾಳಿ. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಎತ್ತರ. ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಅತ್ತೆ ಅಡುಗೆಮನೆಯಿಂದ ಪಡಸಾಲೆಗೆ ಬಂದಷ್ಟು ಸಲೀಸಾಗಿ ಬಸ್ಸಿನೊಳಗೆ ನಡೆದರು. ಹುಬ್ಬಳ್ಳಿಯಲ್ಲಿ ಇಳಿದು ದುರ್ಗದ ಬೈಲಿಗೆ ರಿಕ್ಷಾ. ಬೆಳಿಗ್ಗೆ ಹತ್ತೂವರೆಗೆಲ್ಲ ಅಂಗಡಿಯಲ್ಲಿದ್ದೆವು. ಗಿರಾಕಿಗಳಿಲ್ಲದ ಹೊತ್ತು, ಅಂಗಡಿಯವರು ಅತ್ತೆಗೆ ಕುರ್ಚಿ ಕೊಟ್ಟು ಸಮಾಧಾನವಾಗಿ ಸೀರೆ ಬಿಚ್ಚಿ ತೋರಿಸಿದರು. ಟೋಪು ತೆನೆ ಸೆರಗಿನ, ಗಾಢ ಹಸಿರು ಮೈಯ, ಕೆಂಪು ದಡಿಯ ಇಳಕಲ್ ಸೀರೆ. ಅತ್ತೆ ಸೆರಗನ್ನು ಕೆನ್ನೆಗೆ ಒತ್ತಿ ನೋಡಿದ್ದನ್ನು ನಾನು ಮರೆಯಲಾರೆ.

ಹೂವಿನವಳು ಅಲ್ಲೇ ಇದ್ದಳು. ಅವಳಿಗೆಂದು ಶೇಂಗಾ ಹೋಳಿಗೆ ಒಯ್ದಿದ್ದೆ. "ಅಜ್ಜೀ, ಚಲೋ ಇದ್ದೀರಿ?" ಎಂದು ಅವಳೇ ಮೊದಲು ಗುರುತು ಹಿಡಿದಳು.

ಸೋದರಿಯರೇ, ನಮಗಾದ ಪಾಡು ನಿಮಗೆ ಆಗದಿರಲೆಂದು ನಾಲ್ಕು ಮಾತು. ದೊಡ್ಡ ಊರಿಗೆ ಹೋದಾಗ ಗಾಡಿಯಿಂದ ಇಳಿಯುವ ಮುಂಚೆಯೇ, ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಒಂದು ಗುಡಿಯನ್ನೋ ದೊಡ್ಡ ಅಂಗಡಿಯನ್ನೋ ಗೊತ್ತುಮಾಡಿಕೊಳ್ಳಿ. ಪರ್ಸನ್ನು ಸೀಟಿನ ಮೇಲಿಡಬೇಡಿ, ಹೆಗಲಿಗೇ ಹಾಕಿಕೊಳ್ಳಿ. ಮನೆಯವರ ನಂಬರನ್ನು ಚೀಟಿಯಲ್ಲಿ ಬರೆದು ಹಿರಿಯರ ಸಂಚಿಯಲ್ಲೂ ಒಂದು ಇಡಿ. ಪೇಟೆಯ ಹೊರಗೆ ಗಾಡಿ ಬಿಟ್ಟು ಬಸ್ಸು, ರಿಕ್ಷಾ ಹಿಡಿಯುವುದು ಅವಮಾನವಲ್ಲ, ಜಾಣತನ.

ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸ ಮಾಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಬೆವರು, ನಡುಕ, ಅಡ್ಡಾದಿಡ್ಡಿ ಮಾತು ಕಂಡರೆ ಕೂಡಲೇ ಮೂರು ಚಹಾ ಚಮಚದಷ್ಟು ಸಕ್ಕರೆಯನ್ನೋ ಗ್ಲೂಕೋಸನ್ನೋ ಕೊಡಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಟ್ಟು ಆಸ್ಪತ್ರೆಗೆ ಒಯ್ಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ. ಚೇತರಿಸಿಕೊಂಡ ಮೇಲೆ ಊಟ ಮಾಡಿಸಬೇಕು. ಒಂದು ಪೊಟ್ಟಣ ಸಕ್ಕರೆ ಈಗ ಸದಾ ನನ್ನ ಪರ್ಸಿನಲ್ಲಿರುತ್ತದೆ.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ನಮ್ಮ ದಾಂಡೇಲಿಗೂ ಈಗ ಶನಿವಾರ ಭಾನುವಾರ ಬಂತೆಂದರೆ ದೊಡ್ಡ ಊರುಗಳ ಕಾರುಗಳ ಸಾಲು. ಕಾಳಿ ನದಿಯಲ್ಲಿ ದೋಣಿಯಾಟ, ಕಾಡು, ಹಕ್ಕಿ ನೋಡಲು ಬರುತ್ತಾರೆ. ಜಾಗ ಸಿಗದೆ ನಮ್ಮ ಗೇಟಿನ ಮುಂದೆಯೇ ಗಾಡಿ ಹಚ್ಚುತ್ತಾರೆ. ಮೊದಲೆಲ್ಲ ನಾನು ಸೆರಗು ಸಿಕ್ಕಿಸಿ ಜಗಳಕ್ಕೇ ನಿಲ್ಲುತ್ತಿದ್ದೆ. ಮೊನ್ನೆ ಹಾಗೆ ನಿಂತ ಕಾರಿನಲ್ಲಿ ಹಿಂದಿನ ಸೀಟಿಗೆ ಒರಗಿ ಒಬ್ಬ ವಯಸ್ಸಾದ ತಾಯಿ ಕೂತಿದ್ದರು. ಗೇಟಿಗೆ ಅಡ್ಡ ಬರದಂತೆ ಗಾಡಿಯನ್ನು ಸ್ವಲ್ಪ ಮುಂದೆ ಹಚ್ಚಿಸಿದೆ. ಆಮೇಲೆ ಕಿಟಕಿಯ ಹತ್ತಿರ ಹೋಗಿ ಕೇಳಿದೆ: "ಒಳಗ ಬರ್ತೀರೇನ್ರಿ, ಅಮ್ಮಾ? ಬಚ್ಚಲ ಐತಿ, ನೀರೂ ಐತಿ."

ಅವರು ನನ್ನ ಕೈ ಹಿಡಿದು ಇಳಿದರು. ಕಟ್ಟೆಯ ಮೇಲೆ ಕೂತಿದ್ದ ನಮ್ಮ ಅತ್ತೆ, ಹಸಿರು ಇಳಕಲ್ ಸೀರೆಯಲ್ಲಿ, ಸರಿದು ಅವರಿಗೆ ಜಾಗ ಮಾಡಿಕೊಟ್ಟರು.